ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡಲು ಕ್ಲಾಸಾ, ಆ್ಯಪಾ, ಟ್ಯೂಟರಾ, ಎಐಯಾ? ಉತ್ತರ ಕನ್ನಡದವರಿಗೊಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಇದು ಇಂಗ್ಲಿಷ್ ಬಾರದವರಿಗೆ ಬರೆದದ್ದಲ್ಲ. ನೀವು ಮೇಲ್ ಸರಿಯಾಗಿಯೇ ಬರೆಯುತ್ತೀರಿ, ರಿಪೋರ್ಟ್ ಓದಿದರೆ ತಿಳಿಯುತ್ತದೆ, ಮೀಟಿಂಗಿನಲ್ಲಿ ಉಳಿದವರು ಆಡುವ ಮಾತೂ ಮುಕ್ಕಾಲು ಪಾಲು ಅರ್ಥವಾಗುತ್ತದೆ, ಆದರೆ ನಿಮ್ಮ ಸರದಿ ಬಂದ ಕೂಡಲೇ ಬಾಯಿ ಒಣಗಿ "ಯೆಸ್ ಸರ್, ಓಕೆ ಸರ್" ಅಂತ ಮುಗಿಸಿಬಿಡುತ್ತೀರಿ. ಅಂಥವರಿಗೆ ಇದು. ನಮ್ಮ ಜಿಲ್ಲೆಯಲ್ಲಿ ಇಂಥವರು ಬೇಕಾದಷ್ಟು ಜನ ಇದ್ದೇವೆ. ಮನೆಯಲ್ಲಿ ಕೊಂಕಣಿ ಅಥವಾ ಹವ್ಯಕ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಾರವಾರದ ಪೇಟೆಯಲ್ಲಿ ಬೇಕಾದರೆ ಮರಾಠಿ, ಹಿಂದಿ, ಇಷ್ಟೆಲ್ಲ ಆದ ಮೇಲೆ ಇಂಗ್ಲಿಷ್. ಎರಡನೇ ಭಾಷೆ ಅಂತ ಕರೆಯುತ್ತಾರೆ, ನಮಗೆ ಲೆಕ್ಕ ಹಾಕಿದರೆ ಅದು ಮೂರನೆಯದೋ ನಾಲ್ಕನೆಯದೋ. ಮೀನು ಮಾರ್ಕೆಟ್ಟಿನಲ್ಲಿ ಒಂದೇ ವ್ಯಾಪಾರದಲ್ಲಿ ಮೂರು ಭಾಷೆ ಬದಲಾಯಿಸುವವರಿಗೆ ಹೊಸ ಭಾಷೆ ಕಲಿಯಲು ಬರುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಹಾಗಾದರೆ ಎಲ್ಲಿ ಸಿಕ್ಕಿಬೀಳುತ್ತೇವೆ?

ಇಬ್ಬರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವುದರ ನಡುವೆ ಎಷ್ಟು ಹೊತ್ತು ಖಾಲಿ ಇರುತ್ತದೆ ಅಂತ ಸಂಶೋಧಕರು ಜಗತ್ತಿನ 10 ಭಾಷೆಗಳಲ್ಲಿ ಅಳೆದು 2009ರಲ್ಲಿ ಪ್ರಕಟಿಸಿದರು. ಸರಾಸರಿ ಸುಮಾರು 200 ಮಿಲಿಸೆಕೆಂಡ್. ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳುವುದಕ್ಕೇ, ಅದೂ ಸ್ವಂತ ಭಾಷೆಯಲ್ಲಿ, 600 ಮಿಲಿಸೆಕೆಂಡ್ ಹತ್ತಿರ ಬೇಕಾಗುತ್ತದೆ. ಲೆಕ್ಕ ಕೂಡುವುದಿಲ್ಲ ಅಲ್ವಾ? ಕೂಡುವುದು ಹೇಗೆ ಅಂದರೆ, ಎದುರಿನವರ ಮಾತು ಮುಗಿಯುವ ಮೊದಲೇ ಎಲ್ಲರೂ ತಮ್ಮ ವಾಕ್ಯ ಹೊಂದಿಸಿಕೊಂಡು ಕಾಯುತ್ತಿರುತ್ತಾರೆ. ನಾವು ಮಾತ್ರ ಪೂರ್ತಿ ಕೇಳಿ, ಅರ್ಥ ಮಾಡಿಕೊಂಡು, ಕನ್ನಡದಲ್ಲಿ ಉತ್ತರ ಯೋಚಿಸಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿ ಇದೆಯಾ ಅಂತ ಒಮ್ಮೆ ನೋಡಿ ಬಾಯಿ ತೆರೆಯುವಷ್ಟರಲ್ಲಿ ಇನ್ಯಾರೋ ಮಾತು ಶುರು ಮಾಡಿ ಆಗಿರುತ್ತದೆ. ಇದರ ಮೇಲೆ ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ಚಿಕ್ಕಂದಿನಿಂದ ಕೇಳಿಸಿಕೊಂಡು ಬೆಳೆದದ್ದು ಬೇರೆ.

ಅಂದರೆ ಕೊರತೆ ಇರುವುದು ಶಬ್ದಗಳಲ್ಲಿ ಅಲ್ಲ, ಸರದಿ ಹಿಡಿಯುವುದರಲ್ಲಿ. ಅಂಜಿಕೆಯೂ ಜ್ಞಾನಕ್ಕಿಂತ ಬೇರೆಯದೇ ವಿಷಯ. ಪರಭಾಷೆಯಲ್ಲಿ ಮಾತಾಡುವ ಅಂಜಿಕೆಯನ್ನೇ ಅಳೆಯಲು 1986ರಲ್ಲೇ ಅಮೆರಿಕದ ಸಂಶೋಧಕರು 33 ಹೇಳಿಕೆಗಳ ಒಂದು ಪಟ್ಟಿ ಮಾಡಿದ್ದರು. ಚೆನ್ನಾಗಿ ಓದಿಕೊಂಡವರಿಗೂ ಅದು ಇರುತ್ತದೆ.

ಹಾಗಾಗಿ ಯಾವ ದಾರಿ ಹಿಡಿಯುವ ಮೊದಲೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದು ಗಂಟೆಯಲ್ಲಿ ನನ್ನ ಬಾಯಿ ಎಷ್ಟು ನಿಮಿಷ ಆಡುತ್ತದೆ? ನಡುವೆ ಯಾರಾದರೂ ತಡೆದು ಪ್ರಶ್ನೆ ಹಾಕುತ್ತಾರಾ? ಕೆಳಗಿನ ಎಲ್ಲ ಹೋಲಿಕೆಗೂ ನನ್ನ ಅಳತೆಗೋಲು ಇವೆರಡೇ.

ಸ್ಪೋಕನ್ ಇಂಗ್ಲಿಷ್ ಕ್ಲಾಸು

ಕಾರವಾರ, ಕುಮಟಾ, ಶಿರಸಿ, ಎಲ್ಲಿ ಹೋದರೂ ಬಸ್ ಸ್ಟ್ಯಾಂಡ್ ಹತ್ತಿರದ ಯಾವುದೋ ಕಟ್ಟಡದ ಮಾಳಿಗೆಯ ಮೇಲೆ ಇಂಥದ್ದೊಂದು ಬೋರ್ಡು ಕಾಣುತ್ತದೆ. ಸುಮ್ನೆ ಲೆಕ್ಕ ಹಾಕಿ. ಒಂದು ಗಂಟೆಯ ಕ್ಲಾಸು, 20 ಜನ ಕೂತಿದ್ದಾರೆ, ಅರ್ಧ ಗಂಟೆ ಮೇಷ್ಟ್ರು ಟೆನ್ಸ್ ಹೇಳಿಕೊಡುತ್ತಾರೆ ಅಂದುಕೊಳ್ಳೋಣ. ಉಳಿದ ಅರ್ಧ ಗಂಟೆಯನ್ನು 20 ಜನರಿಗೆ ಹಂಚಿದರೆ ನಿಮ್ಮ ಪಾಲಿಗೆ ಬರುವುದು ಒಂದೂವರೆ ನಿಮಿಷ. ಅದರಲ್ಲೂ "ಮೈ ನೇಮ್ ಈಸ್, ಮೈ ಹಾಬೀಸ್ ಆರ್" ಅಂತ ಬಾಯಿಪಾಠ ಒಪ್ಪಿಸುವುದೇ ಜಾಸ್ತಿ. ನಡುವೆ ತಡೆದು ಕೇಳುವವರು ಯಾರೂ ಇಲ್ಲ.

ಹಾಗಂತ ಕ್ಲಾಸು ದಂಡ ಅಂತಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ವಾಕ್ಯ ಕಟ್ಟುವುದೇ ಇನ್ನೂ ಅಳುಕು ಅನ್ನುವವರಿಗೆ ಅಡಿಪಾಯ ಅಲ್ಲೇ ಸಿಗುತ್ತದೆ. ದಿನಾ ಒಂದು ಹೊತ್ತಿಗೆ ಎದ್ದು ಹೋಗಬೇಕು ಅನ್ನುವ ಶಿಸ್ತೂ ಸಿಗುತ್ತದೆ. ಆದರೆ ಐದಾರು ವರ್ಷ ಕೆಲಸ ಮಾಡಿದವರು, ಮೇಲ್ ಬರೆಯಲು ಬರುವವರು ಮತ್ತೆ ಹೋಗಿ ವ್ಯಾಕರಣದ ಬೆಂಚಿನಲ್ಲಿ ಕೂತರೆ ಇದ್ದ ಧೈರ್ಯವೂ ಕರಗುತ್ತದೆ. ಪ್ರತಿ ವಾಕ್ಯದಲ್ಲೂ ತಪ್ಪು ಹುಡುಕುವ ಅಭ್ಯಾಸ ಗಟ್ಟಿಯಾದರೆ ಮೀಟಿಂಗಿನಲ್ಲಿ ಬಾಯಿ ತೆರೆಯುವುದು ಇನ್ನೂ ತಡ.

ಆ್ಯಪು ಮತ್ತು ವಿಡಿಯೋ

ಬಿಬಿಸಿ ಲರ್ನಿಂಗ್ ಇಂಗ್ಲಿಷ್, ಬ್ರಿಟಿಷ್ ಕೌನ್ಸಿಲ್ ಕಡೆಯ ಪಾಠಗಳು ಪುಕ್ಕಟೆ ಸಿಗುತ್ತವೆ, ಗುಣವೂ ಚೆನ್ನಾಗಿದೆ. ಕಿವಿ ಪಳಗಿಸಲು ಬೇಕಾದಷ್ಟಾಯಿತು. ಬಾಯಿ ಆಡುವುದು ಮಾತ್ರ ಸೊನ್ನೆ.

ಎಲ್ಸಾ ಥರದ ಉಚ್ಚಾರಣೆಯ ಆ್ಯಪು ನೀವು ಹೇಳಿದ್ದನ್ನು ಕೇಳಿ ಅಂಕ ಕೊಡುತ್ತದೆ. ಅದರ ಮಾದರಿ ಹೆಚ್ಚಾಗಿ ಅಮೆರಿಕನ್ ಉಚ್ಚಾರಣೆ. ಅಮೆರಿಕದವರಂತೆ ಮಾತಾಡುವ ಅಗತ್ಯ ನಮಗೇನಿದೆ ಹೇಳಿ. ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ ಯಾವ ತಪ್ಪಿನಿಂದ ನಿಜವಾಗಿ ಅರ್ಥ ಕೆಡುತ್ತದೆ ಅಂತ ಜೆನ್ನಿಫರ್ ಜೆಂಕಿನ್ಸ್ ಎಂಬ ಬ್ರಿಟಿಷ್ ಭಾಷಾತಜ್ಞೆ ಪಟ್ಟಿ ಮಾಡಿದ್ದರು, 2000ದ ಹೊತ್ತಿಗೆ. ನಾವೆಲ್ಲ ತಲೆ ಕೆಡಿಸಿಕೊಳ್ಳುವ "ಥಿಂಕ್", "ದಿಸ್" ಇವುಗಳ ಮೊದಲ ಧ್ವನಿ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇರುವುದರಲ್ಲಿ ಎರಡು, ಸ್ವರದ ಉದ್ದ, ಮತ್ತೆ ವಾಕ್ಯದಲ್ಲಿ ಯಾವ ಶಬ್ದದ ಮೇಲೆ ಒತ್ತು ಬೀಳುತ್ತದೆ ಅನ್ನುವುದು. ನಮಗೆ ಬೇಕಾದ್ದು ಈ ಎರಡನೆಯದು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಸಮ ತೂಕ ಕೊಟ್ಟು ಮಾತಾಡುವ ರೂಢಿ, ಅದೇ ರಾಗದಲ್ಲಿ "ವಿ ನೀಡ್ ದಿ ಅಪ್ರೂವಲ್ ಬೈ ಫ್ರೈಡೇ" ಅಂದರೆ ಮುಖ್ಯ ವಿಷಯ ಅಪ್ರೂವಲ್ಲಾ ಶುಕ್ರವಾರವಾ ಅಂತ ಆಚೆಯವರಿಗೆ ಹೊಳೆಯುವುದಿಲ್ಲ. ಶುಕ್ರವಾರದ ಮೇಲೆ ಒತ್ತು ಹಾಕಿ, ಅದನ್ನೇ ಸ್ವಲ್ಪ ಎಳೆದು ಹೇಳಿ. ಅರ್ಧ ಕೆಲಸ ಆಯಿತು. ಇದಕ್ಕೆ ಆ್ಯಪು ಬೇಡ, ಮೊಬೈಲಿನ ರೆಕಾರ್ಡರ್ ಸಾಕು.

ಟೋಸ್ಟ್‌ಮಾಸ್ಟರ್ಸ್

ಇದು 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಭಾಷಣದ ಕ್ಲಬ್ಬು, ಈಗ ಎಲ್ಲ ಕಡೆ ಇದೆ. ಗೊತ್ತಿಲ್ಲದವರಿಗೆ ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಸದಸ್ಯರು ಸರದಿಯಲ್ಲಿ ತಯಾರಿ ಮಾಡಿಕೊಂಡ ಭಾಷಣ ಮಾಡುತ್ತಾರೆ, ಮೊದಲನೆಯ ಪರಿಚಯದ ಭಾಷಣ 4ರಿಂದ 6 ನಿಮಿಷ. ಆಮೇಲೆ ಟೇಬಲ್ ಟಾಪಿಕ್ಸ್ ಅಂತ ಒಂದು ಸುತ್ತು. ನಿಂತಲ್ಲೇ ಒಂದು ವಿಷಯ ಕೊಡುತ್ತಾರೆ, ತಯಾರಿ ಇಲ್ಲದೆ ಒಂದೆರಡು ನಿಮಿಷ ಮಾತಾಡಬೇಕು. ಒಬ್ಬರು ಹಸಿರು, ಹಳದಿ, ಕೆಂಪು ತೋರಿಸಿ ಸಮಯ ನೋಡುತ್ತಾರೆ, ಇನ್ನೊಬ್ಬರು ನೀವು ಎಷ್ಟು ಸಲ "ಆಂ... ಊಂ..." ಅಂದಿರಿ ಅಂತ ಎಣಿಸುತ್ತಾರೆ. ಕೊನೆಗೆ ಪ್ರತಿ ಭಾಷಣಕ್ಕೂ ಒಬ್ಬರು ಎದ್ದು ನಿಂತು ಏನು ಚೆನ್ನಾಗಿತ್ತು, ಏನು ಸುಧಾರಿಸಬೇಕು ಅಂತ ಹೇಳುತ್ತಾರೆ. ಹತ್ತಾರು ಜನರ ಮುಂದೆ ನಿಲ್ಲುವ ನಡುಕ ಹೋಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಟೇಬಲ್ ಟಾಪಿಕ್ಸ್ ಒಂದಕ್ಕೇ ಹೋದರೂ ಲಾಭ.

ಕುಂದು ಏನಂದರೆ ಭಾಷಣ ಬೇರೆ, ಮೀಟಿಂಗ್ ಬೇರೆ. ಭಾಷಣದಲ್ಲಿ ಎಲ್ಲರೂ ಸುಮ್ಮನೆ ಕೇಳಿ ಚಪ್ಪಾಳೆ ತಟ್ಟುತ್ತಾರೆ, ಮೀಟಿಂಗಿನಲ್ಲಿ ಎರಡನೇ ವಾಕ್ಯಕ್ಕೇ "ಹೋಲ್ಡ್ ಆನ್" ಅನ್ನುತ್ತಾರೆ. ಸದಸ್ಯತ್ವದ ಹಣ ಡಾಲರ್ ಲೆಕ್ಕದಲ್ಲಿ ಆರು ತಿಂಗಳಿಗೊಮ್ಮೆ ಕಟ್ಟಬೇಕು. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಕ್ಲಬ್ಬಿಗೆ ಕೊರತೆ ಇಲ್ಲ, ನಮ್ಮ ಕಡೆಯವರು ಆನ್‌ಲೈನಿನಲ್ಲಿ ಸೇರಿಸಿಕೊಳ್ಳುವ ಕ್ಲಬ್ಬು ನೋಡಿಕೊಳ್ಳುವುದು ಸುಲಭ. ಅವರ ವೆಬ್‌ಸೈಟಿನಲ್ಲೇ ಹುಡುಕಬಹುದು. ಹಣ ಕಟ್ಟುವ ಮೊದಲು ಅತಿಥಿಯಾಗಿ ಹೋಗಿ ಕೂತು ನೋಡಲು ಸಾಮಾನ್ಯವಾಗಿ ಬಿಡುತ್ತಾರೆ.

ಟ್ಯೂಟರ್ ಅಥವಾ ಎಐ

ಇವೆರಡನ್ನೂ ಒಟ್ಟಿಗೇ ನೋಡಬೇಕು, ಯಾಕೆಂದರೆ ಈಗ ಹೆಚ್ಚಿನವರ ಗೊಂದಲ ಇರುವುದೇ ಇಲ್ಲಿ. ಇಟಾಲ್ಕಿಯಂಥ ವೆಬ್‌ಸೈಟಿನಲ್ಲಿ ಒಂದೊಂದು ಪಾಠಕ್ಕೆ ಇಷ್ಟು ಅಂತ ಕೊಟ್ಟು ಟ್ಯೂಟರ್ ಹಿಡಿಯಬಹುದು, ಕ್ಯಾಂಬ್ಲಿಯಲ್ಲಿ ವಾರಕ್ಕೆ ಇಷ್ಟು ನಿಮಿಷ ಅಂತ ಚಂದಾ. ಎಐ ಅಂದರೆ ಚಾಟ್‌ಜಿಪಿಟಿಯ ವಾಯ್ಸ್ ಮೋಡ್, ಜೆಮಿನಿ ಲೈವ್ ಮುಂತಾದವು. ಪುಕ್ಕಟೆಯಾಗಿಯೂ ಸಿಗುತ್ತವೆ, ಮಿತಿ ಇರುತ್ತದೆ.

ಬಾಯಿ ಆಡುವ ಲೆಕ್ಕದಲ್ಲಿ ಎರಡೂ ಗೆಲ್ಲುತ್ತವೆ. ಒಬ್ಬರೇ ಇರುವುದರಿಂದ ಅರ್ಧ ಗಂಟೆಯಲ್ಲಿ 15 ನಿಮಿಷಕ್ಕೆ ಕಡಿಮೆ ಇಲ್ಲದಂತೆ ನೀವೇ ಮಾತಾಡುತ್ತೀರಿ. ಎಐಗೆ ಒಂದು ವಿಚಿತ್ರ ಗುಣ ಇದೆ, ನೀವು ಯೋಚಿಸಲು ಸ್ವಲ್ಪ ನಿಂತರೂ ಮಾತು ಮುಗಿಯಿತು ಅಂದುಕೊಂಡು ಅದು ಶುರು ಹಚ್ಚಿಕೊಳ್ಳುತ್ತದೆ. ಹೆಚ್ಚಿನವರಿಗೆ ಇದು ಕಿರಿಕಿರಿ. ನನ್ನ ಪ್ರಕಾರ ಇದೇ ಅದರ ಉಪಯೋಗ, ಮೀಟಿಂಗಿನಲ್ಲಿ ಆಗುವುದೂ ಇದೇ ತಾನೇ? "ಗಿವ್ ಮಿ ಎ ಸೆಕೆಂಡ್" ಅಂತ ಹೇಳಿ ಸರದಿ ಕೈಬಿಡದೆ ಹಿಡಿದಿಟ್ಟುಕೊಳ್ಳುವುದನ್ನು ಅಲ್ಲೇ ರೂಢಿ ಮಾಡಿಕೊಳ್ಳಿ. ಆದರೆ ಸುಮ್ನೆ "ಇಂಗ್ಲಿಷ್ ಮಾತಾಡೋಣ" ಅಂದರೆ ಅದು ನಿಮ್ಮ ಹವ್ಯಾಸ ಕೇಳುತ್ತಾ, ಪ್ರತಿ ಮಾತಿಗೂ ವಾಹ್ ಅನ್ನುತ್ತಾ ಕೂರುತ್ತದೆ. ಮೊದಲೇ ಪಾತ್ರ ಕೊಡಿ: ನೀನು ತಾಳ್ಮೆ ಕಡಿಮೆ ಇರುವ ಮ್ಯಾನೇಜರ್, ನಾನು ಈ ವಾರದ ಕೆಲಸದ ವರದಿ ಹೇಳುತ್ತೇನೆ, ಪ್ರತಿ ವಾಕ್ಯಕ್ಕೂ ಒಂದು ಅಡ್ಡಪ್ರಶ್ನೆ ಹಾಕು, ಹೊಗಳಬೇಡ. ಇದನ್ನು ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ. ಒಂದೇ ಎಚ್ಚರಿಕೆ, ಕಂಪನಿಯ ಒಳಗಿನ ಅಂಕಿ, ಗ್ರಾಹಕರ ಹೆಸರು ಅಲ್ಲಿ ಹಾಕಬೇಡಿ, ಎಲ್ಲ ಬದಲಾಯಿಸಿ ಹೇಳಿ.

ಎಐ ಕೊಡದ ಒಂದನ್ನು ಟ್ಯೂಟರ್ ಕೊಡುತ್ತಾರೆ. ಮನುಷ್ಯರ ಮುಖ. ಯಂತ್ರದ ಮುಂದೆ ತೊದಲಿದರೆ ಯಾರಿಗೂ ನಾಚಿಕೆ ಆಗುವುದಿಲ್ಲ, ಹಾಗಾಗಿ ನಾಚಿಕೆ ದಾಟುವ ಅಭ್ಯಾಸವೂ ಅಲ್ಲಿ ಆಗುವುದಿಲ್ಲ. ಅಪರಿಚಿತ ವಿದೇಶಿ ಮುಖವೊಂದು "ಸಾರಿ, ಐ ಡಿಡಂಟ್ ಗೆಟ್ ದಟ್" ಅಂತ ಹುಬ್ಬು ಗಂಟಿಕ್ಕಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಅದನ್ನು ನಾಲ್ಕು ಸಲ ಅನುಭವಿಸಿದವರಿಗೆ ಐದನೇ ಸಲ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಟ್ಯೂಟರಿಗೆ ನಿಮ್ಮ ಕೆಲಸ ಗೊತ್ತಿರುವುದಿಲ್ಲ. ಶಟರಿಂಗ್, ಲೆಡ್ಜರ್, ಕೋಡ್ ರಿವ್ಯೂ ಏನೂ ತಿಳಿಯದೆ ಊಟ, ಹವಾಮಾನ, ಪ್ರವಾಸದ ಮೇಲೆಯೇ ಮಾತು ಸುತ್ತುತ್ತದೆ. ದುಡ್ಡು ಕೊಡುವುದು ನೀವು, ಹಾಗಾಗಿ ಮೊದಲ ದಿನವೇ ಹೇಳಿಬಿಡಿ, ಪಾಠ ಬೇಡ, ಅಣಕು ಮೀಟಿಂಗ್ ಬೇಕು ಅಂತ.

ತಿಂಗಳುಗಟ್ಟಲೆ ಟ್ಯೂಟರಿಗೆ ಕಟ್ಟುವುದು ದಂಡ ಅನ್ನುವುದು ನನ್ನ ಅಭಿಪ್ರಾಯ. ಸಂದರ್ಶನವೋ, ಹೊಸ ಕ್ಲೈಂಟ್ ಜೊತೆ ಮೊದಲ ಕಾಲ್ ಇದ್ದಾಗಲೋ ಒಂದು ತಿಂಗಳು ಹಿಡಿಯಿರಿ, ಉಳಿದ ದಿನ ಎಐ ಸಾಕು.

ಜೊತೆಗಾರ

ನನ್ನ ಓಟು ಇದಕ್ಕೇ. ನಿಮ್ಮ ಹಾಗೇ ಅಳುಕುವ ಸಹೋದ್ಯೋಗಿ ಅಥವಾ ಅದೇ ಕೆಲಸದಲ್ಲಿರುವ ಗೆಳತಿ, ಗೆಳೆಯ. ದಿನಕ್ಕೆ ಕಾಲು ಗಂಟೆ ಫೋನು. ಖರ್ಚಿಲ್ಲ.

ಹೇಗೆ ಮಾಡಬೇಕು ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ, ತಾಳಮದ್ದಲೆಯ ಹಾಗೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿ ಕೂತಲ್ಲಿಂದಲೇ ಮಾತು ಕಟ್ಟಬೇಕು. ಪ್ರಸಂಗ ಗೊತ್ತಿದೆ, ಪದ್ಯ ಗೊತ್ತಿದೆ, ಆದರೆ ಎದುರಿಗೆ ಕೂತ ಅರ್ಥಧಾರಿ ಯಾವ ಮಾತಿಗೆ ಕೊಕ್ಕೆ ಹಾಕುತ್ತಾನೆ ಅಂತ ಗೊತ್ತಿಲ್ಲ. ಪಳಗಿದವರು ಏನು ಮಾಡುತ್ತಾರೆ ಗಮನಿಸಿದ್ದೀರಾ? ಎದುರಿನವನ ಕೊನೆಯ ಮಾತನ್ನೇ ಎತ್ತಿಕೊಂಡು, "ಏನಂದೆ, ಐದು ಗ್ರಾಮವೇ?" ಅಂತ ಶುರು ಮಾಡುತ್ತಾರೆ. ಆ ಒಂದು ಸಾಲು ಹೇಳುವಷ್ಟರಲ್ಲಿ ಮುಂದಿನದು ತಲೆಯಲ್ಲಿ ತಯಾರಾಗಿರುತ್ತದೆ. ಮೀಟಿಂಗಿನಲ್ಲೂ ಇದೇ ಕೈಚಳಕ ನಡೆಯುತ್ತದೆ. "ವೈ ಈಸ್ ದಿ ಟೆಸ್ಟಿಂಗ್ ಡಿಲೇಡ್?" ಅಂದರೆ ತಕ್ಷಣ "ದಿ ಟೆಸ್ಟಿಂಗ್ ಈಸ್ ಡಿಲೇಡ್, ಯೆಸ್..." ಅಂತ ಅವರ ಮಾತನ್ನೇ ಹಿಡಿದು ಸರದಿ ನಿಮ್ಮದು ಮಾಡಿಕೊಳ್ಳಿ. ಸರದಿ ಸಿಕ್ಕಿದ ಮೇಲೆ ಎರಡು ಸೆಕೆಂಡ್ ನಿಂತರೂ ಯಾರೂ ಕಸಿಯುವುದಿಲ್ಲ.

ಜೊತೆಗಾರರ ಜೊತೆ ಹೀಗೆ ಆಡಿ. ಒಬ್ಬರು ಇವತ್ತಿನ ನಿಜವಾದ ಕೆಲಸದ ವರದಿ ಒಂದು ನಿಮಿಷದಲ್ಲಿ ಹೇಳಬೇಕು. ಇನ್ನೊಬ್ಬರು ಮೂರು ಅಡ್ಡಪ್ರಶ್ನೆ ಹಾಕಲೇಬೇಕು, ಅದರಲ್ಲಿ ಒಂದನ್ನು ಮಾತಿನ ನಡುವೆಯೇ ಹಾಕಬೇಕು. ಆಮೇಲೆ ಪಾತ್ರ ಅದಲು ಬದಲು. ವ್ಯಾಕರಣ ತಿದ್ದುವಂತಿಲ್ಲ, ಅರ್ಥವಾಗದಿದ್ದರೆ ಮಾತ್ರ ಕೇಳಬಹುದು.

ಇಲ್ಲಿ ಒಂದು ವಿಷಯ ಹತ್ತಿರದಿಂದ ನೋಡಬೇಕು, ನಾವು ಸುದ್ದಿ ಹೇಳುವ ಕ್ರಮ. ಕನ್ನಡದಲ್ಲಿ ನಾವು "ನಿನ್ನೆ ರಾತ್ರಿ ಜೋರು ಮಳೆ ಬಂದು, ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿದು, ಜಲ್ಲಿ ಲಾರಿ ಯಲ್ಲಾಪುರದಲ್ಲೇ ನಿಂತು, ಇವತ್ತು ಕಾಂಕ್ರೀಟ್ ಹಾಕಲು ಆಗಲಿಲ್ಲ" ಅನ್ನುತ್ತೇವೆ. ಕಾರಣಗಳೆಲ್ಲ ಸಾಲಾಗಿ ಬಂದು, ಮುಖ್ಯ ಸುದ್ದಿ ಕಟ್ಟಕಡೆಗೆ. ಕೇಳುವವರೂ ಕೊನೆಯ ತನಕ ಕಾಯುತ್ತಾರೆ. ಇದೇ ಸರಪಳಿಯನ್ನು ಇಂಗ್ಲಿಷಿಗೆ ಎಳೆದರೆ "ಯೆಸ್ಟರ್‌ಡೇ ನೈಟ್ ಹೆವಿ ರೇನ್ ಕೇಮ್, ಸೋ ಇನ್ ಘಾಟ್, ಸೋ ದಟ್ ಲಾರಿ..." ಅನ್ನುವಲ್ಲಿಗೆ ಉಸಿರು ಕಟ್ಟುತ್ತದೆ, ಅಷ್ಟರಲ್ಲಿ ಎದುರಿನವರು "ಸೋ ವಾಟ್ ಈಸ್ ದಿ ಸ್ಟೇಟಸ್?" ಅಂತ ತುಂಡರಿಸುತ್ತಾರೆ. ನಾವು ಅದನ್ನು ಅವಮಾನ ಅಂತ ತಿಳಿಯುತ್ತೇವೆ. ಅವರು ಬರೀ ಕೊನೆಯ ಸಾಲು ಕೇಳುತ್ತಿದ್ದಾರೆ ಅಷ್ಟೇ. ತಿರುಗಿಸಿ ಹೇಳಿ: "ವಿ ಕುಡ್ ನಾಟ್ ಪೋರ್ ಕಾಂಕ್ರೀಟ್ ಟುಡೇ. ದಿ ಲಾರಿ ಡಿಡ್ ನಾಟ್ ಕಮ್. ದಿ ಘಾಟ್ ರೋಡ್ ಈಸ್ ಬ್ಲಾಕ್ಡ್. ವಿ ನೀಡ್ ಟು ಮೋರ್ ಡೇಸ್." ನಾಲ್ಕು ಪುಟ್ಟ ವಾಕ್ಯ. ಎಲ್ಲಿ ತಡೆದರೂ ಮುಖ್ಯ ವಿಷಯ ಆಗಲೇ ಹೇಳಿ ಆಗಿದೆ. ಇಂಗ್ಲಿಷ್ ಮೊದಲಿನದೇ, ಹೊಸ ಶಬ್ದ ಒಂದೂ ಕಲಿತಿಲ್ಲ. ಜೊತೆಗಾರರ ಮುಖ್ಯ ಕೆಲಸವೇ ಇದು, ಕೊನೆಯ ಸಾಲು ಮೊದಲು ಬಂತಾ ಅಂತ ಕಾಯುವುದು.

ಈ ದಾರಿಯ ದೊಡ್ಡ ಕಾಯಿಲೆ ನಿಮಗೂ ಗೊತ್ತು. ಮೂರನೇ ನಿಮಿಷಕ್ಕೆ ಮಾತು ಕನ್ನಡಕ್ಕೋ ಕೊಂಕಣಿಗೋ ಜಾರಿ, ಐದನೇ ನಿಮಿಷಕ್ಕೆ ಶಿರಸಿಯಲ್ಲಾದರೆ ಅಡಿಕೆಯ ಚಾಲಿ, ರಾಶಿ ಧಾರಣೆ, ಕಾರವಾರದಲ್ಲಾದರೆ ಬಾಂಗಡೆ ಮೀನಿನ ರೇಟಿನ ಹತ್ತಿರ ಹೋಗಿ ನಿಂತಿರುತ್ತದೆ. ಧಾರಣೆಯನ್ನೇ ಇಂಗ್ಲಿಷಿನಲ್ಲಿ ಮಾತಾಡಿ ಅಂತ ಹೇಳುತ್ತೇನೆ, ಯಾಕಾಗಬಾರದು? ಏರಿತು, ಇಳಿಯಿತು, ಕಳೆದ ವರ್ಷಕ್ಕಿಂತ ಇಷ್ಟು ಜಾಸ್ತಿ, ಕಾರಣ ಇದು. ರಿವ್ಯೂ ಮೀಟಿಂಗಿನಲ್ಲಿ ಹೇಳುವುದೂ ಇದನ್ನೇ.

ಮೀಟಿಂಗಿನ ಒಳಗೆ

ಹೊರಗೆ ಎಷ್ಟೇ ಅಭ್ಯಾಸ ಮಾಡಿದರೂ ಕೊನೆಗೆ ಒಳಗೆ ಕೂತಾಗ ಕೆಲವು ಆಯ್ಕೆ ಮಾಡಲೇಬೇಕಾಗುತ್ತದೆ.

ಪೂರ್ತಿ ಬರೆದುಕೊಂಡು ಓದುವುದಾ, ನೋಡದೆ ಹೇಳುವುದಾ? ಎರಡೂ ಬೇಡ. ಬರೆದದ್ದು ಓದಿದರೆ ಒಂದೇ ರಾಗ ಬರುತ್ತದೆ, ನಡುವೆ ಪ್ರಶ್ನೆ ಬಂದರೆ ಎಲ್ಲಿ ಓದುತ್ತಿದ್ದೆ ಅಂತ ತಪ್ಪುತ್ತದೆ. ಚೀಟಿಯಲ್ಲಿ ನಾಲ್ಕೈದು ಶಬ್ದ ಮತ್ತು ಎಲ್ಲ ಅಂಕಿ ಬರೆದಿಟ್ಟುಕೊಳ್ಳಿ, ಅಂಕಿ ಮಾತ್ರ ನೋಡಿಯೇ ಹೇಳಿ. ವಿದೇಶದವರ ಜೊತೆ ಕೆಲಸ ಇದ್ದರೆ ಲಕ್ಷ, ಕೋಟಿ ಬಿಟ್ಟು ಹೇಳುವುದನ್ನು ಮೊದಲೇ ಲೆಕ್ಕ ಮಾಡಿಡಿ: 10 ಲಕ್ಷ ಅಂದರೆ ಒಂದು ಮಿಲಿಯನ್, ಒಂದು ಕೋಟಿ ಅಂದರೆ ಹತ್ತು ಮಿಲಿಯನ್. ಮಾತಿನ ನಡುವೆ ಈ ಗುಣಾಕಾರ ಮಾಡಲು ಹೋದರೆ ಇಂಗ್ಲಿಷ್ ನಿಲ್ಲುತ್ತದೆ.

ಮೊದಲು ಮಾತಾಡುವುದಾ, ಕೊನೆಗೆ ಮಾತಾಡುವುದಾ? ಮೊದಲು. ಕೊನೆಗೆ ಅಂತ ಕಾದಷ್ಟೂ ಎದೆ ಬಡಿತ ಜಾಸ್ತಿಯಾಗುತ್ತದೆ, ನೀವು ಹೇಳಬೇಕಾದ್ದನ್ನು ಇನ್ಯಾರೋ ಹೇಳಿ ಮುಗಿಸಿರುತ್ತಾರೆ. ಮೊದಲ ಐದು ನಿಮಿಷದಲ್ಲಿ ಏನಾದರೂ ಒಂದು ಸಣ್ಣದು ಕೇಳಿಬಿಡಿ, "ಆರ್ ವಿ ಕವರಿಂಗ್ ದಿ ಬಜೆಟ್ ಟುಡೇ?" ಅನ್ನುವಷ್ಟು ಸಾಕು. ಇದಕ್ಕೆ ಅಜೆಂಡಾ ಹಿಂದಿನ ಸಂಜೆಯೇ ಕೈಯಲ್ಲಿರಬೇಕು, ಕಳಿಸದಿದ್ದರೆ ಕೇಳಿ ತರಿಸಿಕೊಳ್ಳಿ.

ಕೆಲವು ಸಾಲುಗಳು ಯೋಚನೆ ಇಲ್ಲದೆ ಬಾಯಿಂದ ಬರುವಷ್ಟು ಪಾಠ ಆಗಿರಲಿ. ನುಗ್ಗಲು "ಕ್ಯಾನ್ ಐ ಆ್ಯಡ್ ಒನ್ ಥಿಂಗ್ ಹಿಯರ್?", ಅರ್ಧಕ್ಕೆ ತಡೆದರೆ "ಲೆಟ್ ಮಿ ಫಿನಿಶ್ ದಿಸ್ ಪಾಯಿಂಟ್", ಗೊತ್ತಿಲ್ಲದ ಅಂಕಿ ಕೇಳಿದರೆ "ಐ ಡೋಂಟ್ ಹ್ಯಾವ್ ದಟ್ ನಂಬರ್ ನೌ, ಐ ವಿಲ್ ಸೆಂಡ್ ಇಟ್ ಬೈ ಫೋರ್", ಅರ್ಥವಾಯಿತೋ ಇಲ್ಲವೋ ಅನ್ನಿಸಿದರೆ "ಲೆಟ್ ಮಿ ಚೆಕ್ ಐ ಅಂಡರ್‌ಸ್ಟುಡ್ ಯು". ಕೊನೆಯದು ಬಹಳ ಉಪಯೋಗಿ. "ಪಾರ್ಡನ್? ಪಾರ್ಡನ್?" ಅಂತ ಮೂರು ಸಲ ಕೇಳುವುದಕ್ಕಿಂತ, ಅರ್ಥವಾದಷ್ಟನ್ನು ನೀವೇ ಹೇಳಿ ಸರಿಯಾ ಅಂತ ಕೇಳಿದರೆ ಕೆಲಸ ತಿಳಿದವರ ಹಾಗೆ ಕಾಣುತ್ತದೆ.

ಮಾತಾಡುವುದಾ, ಚಾಟ್‌ನಲ್ಲಿ ಬರೆಯುವುದಾ? ಬರೀ ಚಾಟ್‌ಗೆ ಒಗ್ಗಿಕೊಂಡರೆ ಅದೇ ಅಡಗುತಾಣ ಆಗುತ್ತದೆ. ಅಂಕಿ, ಲಿಂಕ್, ಹೆಸರು ಚಾಟ್‌ನಲ್ಲಿ ಹಾಕಿ, ಆಮೇಲೆ ಬಾಯಿ ತೆರೆದು "ಐ ಹ್ಯಾವ್ ಪುಟ್ ದಿ ನಂಬರ್ಸ್ ಇನ್ ಚಾಟ್" ಅಂತ ಹೇಳಿ ವಿವರಿಸಿ.

ಯಾರಿಗೆ ಯಾವುದು

ಕೊರೊನಾ ಸಮಯದಲ್ಲಿ ಊರಿಗೆ ಬಂದು ಇನ್ನೂ ಶಿರಸಿ, ಸಿದ್ದಾಪುರದ ಮನೆಯಿಂದಲೇ ಕೆಲಸ ಮಾಡುತ್ತಿರುವ ಐಟಿಯವರ ಕಷ್ಟವೇ ಬೇರೆ. ಆಡುವುದಕ್ಕಿಂತ ಮೊದಲು ಕೇಳಿಸಬೇಕಲ್ಲ. ದೂರವಾಣಿ ಮಾತಿಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಗುವ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಒಳ್ಳೆಯದು ಅಂತ ಅಂತರರಾಷ್ಟ್ರೀಯ ಶಿಫಾರಸು ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕಾಲ್ ನಡೆಯುವಾಗ ಅದೆಲ್ಲಿ ಸಿಗಬೇಕು? 200 ಮಿಲಿಸೆಕೆಂಡಿನ ಸಂದಿಯಲ್ಲಿ ನುಗ್ಗುವ ಆಟ ನಿಮ್ಮ ಕೈಯಲ್ಲಿ ಇಲ್ಲವೇ ಇಲ್ಲ, ಕೈ ಎತ್ತುವ ಬಟನ್ ಒತ್ತಿ ಸರದಿ ಕೇಳಿ, ನಾಚಿಕೆ ಬೇಡ. ಮೀಟ್, ಟೀಮ್ಸ್, ಝೂಮ್ ಮೂರರಲ್ಲೂ ಮಾತನ್ನು ಅಕ್ಷರವಾಗಿ ತೋರಿಸುವ ಕ್ಯಾಪ್ಶನ್ ಇದೆ, ಹಾಕಿಟ್ಟುಕೊಳ್ಳಿ. ಕ್ಲಾಸಿನ ಫೀಸು ಕಟ್ಟುವ ಮೊದಲು ಬಾಯಿಯ ಹತ್ತಿರ ಮೈಕ್ ಇರುವ ಒಳ್ಳೆಯ ಹೆಡ್‌ಸೆಟ್ ತೆಗೆದುಕೊಳ್ಳಿ, ಯಾಕೆಂದರೆ ಶೀಟಿನ ಮಾಡಿನ ಮೇಲೆ ಜೋರು ಮಳೆ ಹೊಯ್ಯುವಾಗ ಲ್ಯಾಪ್‌ಟಾಪಿನ ಮೈಕ್‌ನಲ್ಲಿ ಯಾರ ಇಂಗ್ಲಿಷೂ ಕೇಳಿಸುವುದಿಲ್ಲ. ಇವರಿಗೆ ಎಐ ಜೊತೆ ದಿನಾ ಅಭ್ಯಾಸ, ದೊಡ್ಡ ಕಾಲ್ ಮುಂಚೆ ಟ್ಯೂಟರ್.

ಕಾರವಾರದಲ್ಲಿ ನೌಕಾನೆಲೆಯ ಕಾಮಗಾರಿ, ಕೈಗಾ ಸ್ಥಾವರದ ಗುತ್ತಿಗೆ ಕೆಲಸ, ಬಂದರು ಈ ಕಡೆ ಇರುವ ಎಂಜಿನಿಯರ್, ಸೂಪರ್‌ವೈಸರ್‌ಗಳ ಮೀಟಿಂಗ್ ಎದುರೆದುರು ಕೂತು ನಡೆಯುತ್ತದೆ. ದೇಶದ ಎಲ್ಲ ಕಡೆಯವರು ಇರುತ್ತಾರೆ, ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಇಲ್ಲಿ ಯಾರಿಗೂ ಇಂಗ್ಲಿಷ್ ತಾಯಿಭಾಷೆ ಅಲ್ಲ ಅನ್ನುವುದೇ ಅರ್ಧ ಧೈರ್ಯ. ಇವರಿಗೆ ಜೊತೆಗಾರನೇ ಸರಿ, ಅದರ ಜೊತೆ ಇನ್ನೊಂದು ಪುಕ್ಕಟೆ ಅವಕಾಶ ಇದೆ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಸೈಟಿನಲ್ಲಿ ಟೂಲ್‌ಬಾಕ್ಸ್ ಟಾಕ್ ಇರುತ್ತದಲ್ಲ, ಹೆಲ್ಮೆಟ್, ಬೆಲ್ಟ್, ಇವತ್ತಿನ ಕೆಲಸದ ಅಪಾಯ ಅಂತ ಐದು ನಿಮಿಷ ಹೇಳುವುದು. ಕಾರ್ಮಿಕರಿಗೆ ಅವರ ಭಾಷೆಯಲ್ಲೇ ಹೇಳಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಅದೇ ವಿಷಯವನ್ನು ಆಮೇಲೆ ಸೇಫ್ಟಿ ಆಫೀಸರಿಗೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳುವ ಕೆಲಸವನ್ನು ನೀವೇ ಕೇಳಿ ತೆಗೆದುಕೊಳ್ಳಿ. ವಿಷಯ ಬಾಯಿಗೆ ಬಂದದ್ದೇ ಇರುತ್ತದೆ, ಕೇಳುವವರು ಒಬ್ಬರೇ, ಪ್ರಶ್ನೆಯೂ ಬರುತ್ತದೆ.

ಬ್ಯಾಂಕು, ಸೊಸೈಟಿ, ಇನ್ಶೂರೆನ್ಸ್ ಕಡೆಯವರ ರಿವ್ಯೂ ಕಾಲ್ ಬರೀ ಅಂಕಿಗಳದ್ದು. ಟಾರ್ಗೆಟ್ ಎಷ್ಟು, ಆಗಿದ್ದೆಷ್ಟು, ಯಾಕೆ ಕಡಿಮೆ. ಇದೇ ಮೂರು ಸಾಲನ್ನು ಎಐ ಜೊತೆ ಹಿಂದಿನ ರಾತ್ರಿ ನಾಲ್ಕೈದು ಸಲ ಆಡಿದರೆ ಆಯಿತು, ಬೇರೆ ಏನೂ ಬೇಡ.

ಗೋಕರ್ಣದಲ್ಲಿ ಹೋಂಸ್ಟೇ ನಡೆಸುವವರಿಗೆ ಇದ್ಯಾವುದೂ ಬೇಡ, ಅವರು ಆಗಲೇ ಮಾತಾಡುತ್ತಿದ್ದಾರೆ.

ಈಗಷ್ಟೇ ಓದು ಮುಗಿಸಿ ಬೆಂಗಳೂರಿಗೆ ಹೊರಟವರು, ಸಮಯ ಇರುವವರು: ಮೊದಲು ಅಡಿಪಾಯಕ್ಕೆ ಕ್ಲಾಸು ಬೇಕಾ ಅಂತ ಪ್ರಾಮಾಣಿಕವಾಗಿ ನೋಡಿಕೊಳ್ಳಿ, ಬೇಡ ಅನ್ನಿಸಿದರೆ ನೇರ ಟೋಸ್ಟ್‌ಮಾಸ್ಟರ್ಸ್. ಬೆಂಗಳೂರು ಮುಟ್ಟಿದ ಮೇಲೆ ಕ್ಲಬ್ಬು ಸುಲಭವಾಗಿ ಸಿಗುತ್ತದೆ, ಹೊಸ ಊರಿನಲ್ಲಿ ನಾಲ್ಕು ಜನರ ಪರಿಚಯವೂ ಆಗುತ್ತದೆ.

ದುಡ್ಡು ಕಟ್ಟುವ ಮುಂಚೆ

ಕ್ಲಾಸಿಗೇ ಹೋಗುತ್ತೇನೆ ಅನ್ನುವವರು ಡೆಮೊ ದಿನ ಕೆಲವು ವಿಷಯ ಬಾಯಿಬಿಟ್ಟು ಕೇಳಬೇಕು. ಒಂದು ಬ್ಯಾಚಿನಲ್ಲಿ ಎಷ್ಟು ಜನ? ನನ್ನ ಕೆಲಸದ ವಿಷಯವನ್ನೇ ತಂದು ಮಾತಾಡಬಹುದಾ? ನಾನು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕೇಳಿಸುತ್ತೀರಾ? ನಡುವೆ ಬಿಟ್ಟರೆ ಹಣ ವಾಪಸ್ ಎಷ್ಟು? ಡೆಮೊದಲ್ಲಿ ನಿಮಗೆ ಪಾಠ ಮಾಡಿದವರೇ ಪೂರ್ತಿ ಕೋರ್ಸಿಗೂ ಬರುತ್ತಾರಾ ಅಂತ ಮರೆಯದೆ ಕೇಳಿ, ಎಷ್ಟೋ ಕಡೆ ಮೊದಲ ದಿನ ಚೆನ್ನಾಗಿ ಮಾತಾಡುವವರು ಒಬ್ಬರು, ಎರಡನೇ ದಿನದಿಂದ ಬರುವವರು ಇನ್ನೊಬ್ಬರು. ಈ ಪ್ರಶ್ನೆಗಳನ್ನೆಲ್ಲ ಇಂಗ್ಲಿಷಿನಲ್ಲೇ ಕೇಳಿ ನೋಡಿ. ನೀವು ತಡವರಿಸಿದಾಗ ಅವರು ಕಾಯುತ್ತಾರಾ, ಇಲ್ಲ ನಿಮ್ಮ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಾರಾ ಅಂತ ಅಲ್ಲೇ ಗೊತ್ತಾಗುತ್ತದೆ. ಮುಗಿಸಿಬಿಡುವವರಾದರೆ ಆ ಕ್ಲಾಸು ಬೇಡ.